ಸೋರಿಕೆಯನ್ನು ನಂಬದ ಲ್ಯುಬೆನ್

ಲ್ಯುಬೆನಣ್ಣ ಯಾವ ಚಿತ್ರವನ್ನೂ ಅದರ ನಡುವಿನಿಂದ ನೋಡಲು ತೊಡಗಿದ್ದನ್ನು ನಾನು ಕಂಡಿಲ್ಲ. ಮದುವೆಯ ಫೋಟೋ ಕೊಟ್ಟರೆ ವಧೂವರರನ್ನು ಬಿಟ್ಟು ಮೂಲೆಯಲ್ಲಿ ಅರ್ಧ ತುಂಡಾಗಿ ಉಳಿದ ಯಾರದೋ ಮೊಣಕೈಯನ್ನು ನೋಡುವರು. ಕೂಸಿನ ಫೋಟೋ ಕೊಟ್ಟರೆ ಕೂಸಿನ ಹಿಂದಿನ ಗೋಡೆಯ ಮೇಲೆ ಬಿದ್ದ ನೆರಳಿನತ್ತ ಕಣ್ಣು ಹಾಯಿಸುವರು. ನೀಲಿ ನಿಲುವಂಗಿಯ ಎದೆಜೇಬಿನಿಂದ ಭೂತಗನ್ನಡಿಯನ್ನು ತೆಗೆದು, ಎಡಗಣ್ಣನ್ನು ಮುಚ್ಚಿ, ಎಡ ಅಂಚಿನಿಂದ ಮೇಲಕ್ಕೆ, ಮೇಲಿನಿಂದ ಬಲಕ್ಕೆ, ಬಲದಿಂದ ಕೆಳಕ್ಕೆ, ಹೊಲಕ್ಕೆ ಬೇಲಿ ಹಾಕುವವರಂತೆ ಒಂದು ಸುತ್ತು ಮುಗಿಸಿದ ಮೇಲೆಯೇ ಅವರು ನಡುವಿಗೆ ಇಳಿಯುತ್ತಿದ್ದುದು. ಇಳಿದ ಮೇಲಾದರೂ ಮುಖ ನೋಡಿ ಆಹಾ ಎಂದಾರೆಂದು ನಿರೀಕ್ಷಿಸಿದವರಿಗೆ ನಿರಾಶೆ ಕಟ್ಟಿಟ್ಟದ್ದು. "ಸರಿ, ಒಪ್ಕೊಂಡೆ," ಎನ್ನುವರು. "ಕ್ಯಾಮೆರಾ ಹಿಡ್ಕೊಂಡಿದ್ದು ಯಾರ ಕೈ?"

ಈ ಪ್ರಶ್ನೆ ಅವರಿಗೆ ಕಸುಬಿನಿಂದ ಬಂದದ್ದು. ನಮ್ಮೂರು ರೂಸೆಯ ದೊಡ್ಡಾಸ್ಪತ್ರೆಯ ಹಿಂದಿನ ಗೇಟಿಗೆದುರಾಗಿ, ಹೂವಿನಂಗಡಿಗೂ ಔಷಧದಂಗಡಿಗೂ ನಡುವೆ ಒತ್ತರಿಸಿಕೊಂಡು ನಿಂತ ಅವರ ಮುದ್ರಣದಂಗಡಿಯಲ್ಲಿ ಮಕ್ಕಳ ಪಾಠದ ಪ್ರತಿಗಳನ್ನೂ ಬಾಡಿಗೆ ಕರಾರುಗಳನ್ನೂ ಮಾಡಿಕೊಡುತ್ತಿದ್ದರಾದರೂ ಅನ್ನ ಕೊಟ್ಟದ್ದು ಶೋಕಪತ್ರ. ನಮ್ಮಲ್ಲಿ ಮನುಷ್ಯ ಮಣ್ಣಿಗೆ ಹೋಗುವ ಮೊದಲು ಗೋಡೆಗೆ ಹೋಗುತ್ತಾನೆ: ಕಪ್ಪು ಅಂಚಿನ ಒಂದು ಹಾಳೆ, ಅದರೊಳಗೊಂದು ಫೋಟೋ, ಹೆಸರು, ವಯಸ್ಸು, ಕೆಳಗೆ ದುಃಖಿತರ ಹೆಸರುಗಳು. ಮನೆಯ ಬಾಗಿಲಿಗೆ, ಬೀದಿಯ ಮರಕ್ಕೆ, ಟ್ರಾಲಿಬಸ್ ನಿಲ್ಲುವ ಕಂಬಕ್ಕೆ ಅದನ್ನು ಅಂಟಿಸುತ್ತೇವೆ; ನಲವತ್ತನೆಯ ದಿನಕ್ಕೆ, ಆರನೆಯ ತಿಂಗಳಿಗೆ, ಆಮೇಲೆ ವರ್ಷ ವರ್ಷಕ್ಕೂ ಹೊಸ ಹಾಳೆ ಅಂಟಿಸುತ್ತೇವೆ. ಸಾವು ಹೇಳಿ ಕೇಳಿ ಬರುವುದಿಲ್ಲವಾದ್ದರಿಂದ ಬಂಧುಗಳು ಕೈಗೆ ಸಿಕ್ಕ ಫೋಟೋ ಹಿಡಿದು ಓಡಿಬರುತ್ತಾರೆ: ಸಮುದ್ರತೀರದ ಗುಂಪು, ಕಾರ್ಖಾನೆಯ ವಾರ್ಷಿಕೋತ್ಸವ, ಮೂರನೆಯ ಸಾಲಿನಲ್ಲಿ ಯಾರದೋ ಟೋಪಿಯ ಹಿಂದೆ ಅರ್ಧ ಮುಖ. "ಸತ್ತೋರೆಲ್ಲ ಯಾವಾಗ್ಲೂ ಗುಂಪಲ್ಲೇ ನಿಂತಿರ್ತಾರೆ ಮೇಷ್ಟ್ರೇ, ಒಬ್ಬೊಬ್ರನ್ನೇ ಈಚೆ ಕರೀಬೇಕು," ಎಂದು ಅವರೊಮ್ಮೆ ನನಗೆ ಹೇಳಿದ್ದರು. ಹೀಗೆ ಮೂವತ್ತು ವರ್ಷ ಕರೆದೂ ಕರೆದೂ, ಚಿತ್ರ ಅಲುಗಿದ್ದರೆ ಅದು ಕುಡಿದ ಕೈಯೋ, ಮುದಿ ಕೈಯೋ, ನಗುತ್ತಿದ್ದವರ ಕೈಯೋ ಎಂದು ಹೇಳಬಲ್ಲವರಾಗಿದ್ದರು.

ಅವರೊಡನೆ ನಡೆಯುವುದು ಒಂದು ಶಿಕ್ಷೆ. ಅಂಗಡಿಯಿಂದ ದಾನ್ಯೂಬ್ ನದಿಯ ದಡಕ್ಕೆ ಹದಿನೈದು ನಿಮಿಷದ ಹಾದಿ, ಬಲಭುಜವನ್ನು ಮುಂದೆ ಮಾಡಿ, ಗೋಡೆಯ ಮಗ್ಗುಲಲ್ಲೇ ಓರೆಯಾಗಿ ಸಾಗುತ್ತ, ಬಾಗಿಲು ಬಾಗಿಲಿಗೂ ನಿಂತು ಅನ್ಯರು ಮುದ್ರಿಸಿದ ಶೋಕಪತ್ರಗಳನ್ನು ಓದಿ, "ಯಾವನ ಕೆಲ್ಸ ಇದು? ಪುಣ್ಯಾತ್ಗಿತ್ತಿ ಮುಖಕ್ಕೆ ಸುಣ್ಣ ಬಳ್ದಿದಾನೆ," ಎಂದು ಸತ್ತವರ ಪರವಾಗಿ ಕೋಪಿಸಿಕೊಂಡು ಮುಂದುವರಿಯುವಷ್ಟರಲ್ಲಿ ಗಂಟೆ ದಾಟುತ್ತಿತ್ತು. ನಾನಂತೂ ಶಾಲೆಯಲ್ಲಿ ಇತಿಹಾಸ ಹೇಳಿಕೊಡುವವನು, ನಿಂತು ಓದುವವರ ಪಕ್ಕದಲ್ಲಿ ನಿಂತು ಕಾಯುವುದು ನನಗೆ ಅಭ್ಯಾಸವಾಗಿದೆ.

ಭಾನುವಾರ ಬೆಳಗ್ಗೆ ನಾವು ಹೋಗುತ್ತಿದ್ದುದು ನದಿಯ ಬಳಿ ಚದುರಂಗ ಸಂಘದ ಮಹಡಿಯ ಕೋಣೆಗೆ. ಕೆಳಗಿನ ಅಂಗಡಿಯಿಂದ ಗಿಣ್ಣು ತುಂಬಿ ಸುಟ್ಟ ಬಿಸಿ ಬಾನಿತ್ಸಾವನ್ನೂ ಹುಳಿಬರಿಸಿದ ಧಾನ್ಯದ ಪಾನೀಯವಾದ ಬೋಜಾದ ಬಾಟಲಿಗಳನ್ನೂ ತಂದಿಟ್ಟುಕೊಂಡು ಹದಿನೈದು ಮಂದಿ ಅಲ್ಲಿ ಕೂಡುತ್ತಿದ್ದೆವು. ಹಲ್ಲಿನ ಆಸ್ಪತ್ರೆಯ ನರ್ಸ್ ರೊಸಿತ್ಸಾ, ಬಾಯಿ ಬಿಟ್ಟರೆ ಕತ್ತರಿ. ಬಂದರಿನಲ್ಲಿ ಕ್ರೇನ್ ನಡೆಸುವ ಸ್ಪಾಸ್, ಕ್ರೇನಿನಷ್ಟೇ ಎತ್ತರ, ಮಗುವಿನ ಮನಸ್ಸು. ನಮ್ಮೆಲ್ಲರನ್ನೂ ಕೂಡಿಸಿದ್ದು 'ಏಳು ಬಾವಿ' ಎಂಬ ಒಂದು ವಿಡಿಯೋ ಗೇಮ್. ತಲೆ ನರೆತವರು ಇಂಥವನ್ನು ಆಡುತ್ತಾರೆಯೇ ಎಂದು ಹುಬ್ಬೇರಿಸುವವರು ಏರಿಸಿಕೊಳ್ಳಲಿ. ಅವರ ಹುಬ್ಬು, ಅವರಿಷ್ಟ.

ರಾಜಧಾನಿ ಸೋಫಿಯಾದ ಒಂದು ಪುಟ್ಟ ಕಂಪನಿ ಅದನ್ನು ಮಾಡಿತ್ತು. ನೀರು ಬತ್ತಿದ ಬೆಟ್ಟದೂರುಗಳಲ್ಲಿ ಕಾವಡಿ ಹೊತ್ತ ಒಬ್ಬ ನೀರುಗಾರ್ತಿ ಏಳು ಬಾವಿಗಳನ್ನು ಎಬ್ಬಿಸುತ್ತ ಹೋಗಬೇಕು. ಕತ್ತಿಯಿಲ್ಲ, ಕೊಲೆಯಿಲ್ಲ, ನಡಿಗೆಯೇ ಆಟ. ಮೊದಲ ಭಾಗ ನಾಲ್ಕನೆಯ ಬಾವಿಯ ಬಳಿ ಮುಗಿಯುತ್ತಿತ್ತು, ತೆರೆಯ ಮೇಲೆ 'ಉಳಿದ ಮೂರು ಬಾವಿ, ಬೇಗನೆ' ಎಂದು ಮೂಡುತ್ತಿತ್ತು. ಆ ಬೇಗನೆಗೆ ಹನ್ನೆರಡು ವರ್ಷವಾಯಿತು. ಕಂಪನಿ ಬಾಯಿಗೆ ಬೀಗ ಹಾಕಿಕೊಂಡಿತ್ತು. ಆಗೊಮ್ಮೆ ಈಗೊಮ್ಮೆ ಒಳಗಿನ ಗುಟ್ಟು ಏನಾದರೊಂದು ಹೊರಗೆ ಸೋರಿಬರುವುದು, ಊರೂರಿನ ಅಭಿಮಾನಿಗಳು ಎದ್ದು ಕುಣಿಯುವುದು, ಆಗ ಲ್ಯುಬೆನಣ್ಣ ಭೂತಗನ್ನಡಿ ತೆಗೆಯುವುದು, ಇಷ್ಟೇ ನಮ್ಮ ಹನ್ನೆರಡು ವರ್ಷದ ಚರಿತ್ರೆ.

ಅವರ ತೀರ್ಪು ಯಾವಾಗಲೂ ಒಂದೇ: ಸೋರಿಕೆಯಲ್ಲ, ಪ್ರಚಾರಕ್ಕಾಗಿ ಕಂಪನಿಯೇ ಆಡಿಸಿದ ನಾಟಕ. ಒಮ್ಮೆ ಯಾರೋ ಕಂಪನಿಯವರು ರೈಲಿನಲ್ಲಿ ಮರೆತುಹೋದ ಟಿಪ್ಪಣಿಪುಸ್ತಕದ ಚಿತ್ರ ಹಬ್ಬಿತು. "ಇಷ್ಟು ವರ್ಷದಲ್ಲಿ ಆ ರೈಲಲ್ಲಿ ಯಾರೂ ಒಂದು ಕೊಡೆ ಮರೀಲಿಲ್ವಾ? ಮರೆತದ್ದು ಇದೊಂದೇ ಪುಸ್ತಕ. ಅದ್ರ ಮೇಲೆ ಕಾಫಿ ಚೆಲ್ಲಿದೆ. ಚೆಲ್ಲಿದ ಕಾಫಿ ಆಟದ ಹೆಸರೊಂದನ್ನ ಬಿಟ್ಟು ಮಿಕ್ಕಿದ್ದಕ್ಕೆಲ್ಲ ಬಿದ್ದಿದೆ. ಬಹಳ ಓದಿಕೊಂಡ ಕಾಫಿ!" ಎಂದರು. ಇನ್ನೊಮ್ಮೆ ಅಂತರ್ಜಾಲದ ಅಂಗಡಿಯೊಂದರಲ್ಲಿ ಎರಡನೆಯ ಭಾಗದ ಹೆಸರು ಒಂದು ದಿನ ಕಾಣಿಸಿ ಮಾಯವಾದಾಗ, "ಕಿವಿಗೆ ಹೂ ಇಡ್ತಿದಾರೆ ರೊಸಿತ್ಸಾ, ಅದೂ ಬಾಡಿದ ಹೂ," ಎಂದು ಬಾನಿತ್ಸಾ ಮುರಿದರು. ಸಂಶಯ ಆಟಕ್ಕಷ್ಟೇ ಮೀಸಲಾಗಿರಲಿಲ್ಲ. ಅವರ ಅರವತ್ತನೆಯ ಹುಟ್ಟುಹಬ್ಬಕ್ಕೆ ಅಚ್ಚರಿಗೊಳಿಸೋಣವೆಂದು ನಾವು ದೀಪವಾರಿಸಿ ಉಸಿರು ಬಿಗಿಹಿಡಿದು ಕೂತಿದ್ದರೆ, ಬಾಗಿಲ ಹೊರಗೇ ನಿಂತು, "ಹದಿನಾಲ್ಕು ಜೊತೆ ಚಪ್ಪಲಿ ಇದೆ, ಒಬ್ರು ಬೆಳ್ಳುಳ್ಳಿ ತಿಂದಿದೀರಿ, ದೀಪ ಹಾಕ್ರಪ್ಪಾ," ಎಂದ ಮಹಾನುಭಾವರು.

ಆದರೆ ಒಂದು ಮಾತನ್ನು ನಾನು ಬಹುಕಾಲ ಗಮನಿಸಿಯೂ ಅರ್ಥಮಾಡಿಕೊಳ್ಳಲಿಲ್ಲ. ಮೋಸವನ್ನು ಪತ್ತೆಹಚ್ಚಿದವನ ಮುಖದಲ್ಲಿ ಸಿಟ್ಟಿರಬೇಕು, ಇಲ್ಲವೇ ಗೆಲುವಿನ ಬಿಂಕವಾದರೂ ಇರಬೇಕು. ಲ್ಯುಬೆನಣ್ಣನ ಮುಖದಲ್ಲಿ ಇರುತ್ತಿದ್ದುದು ದೂರದೂರಿನಿಂದ ಕಾಗದ ಬಂದವರ ಕಳೆ. ಆ ದಿನವೆಲ್ಲ ಅವರು ಗುನುಗುತ್ತಿದ್ದರು, ಅಂಗಡಿಗೆ ಬಂದವರಿಗೆ ಒಂದು ಹಾಳೆ ಹೆಚ್ಚಿಗೆ ಮುದ್ರಿಸಿಕೊಡುತ್ತಿದ್ದರು. ಕೇಳಿದ್ದಕ್ಕೆ ಒಮ್ಮೆ, "ನಾಟಕ ಅಂದ್ಮೇಲೆ ಒಳಗೆ ಆಡೋರು ಇದಾರೆ ಅಂತ ಆಯ್ತಲ್ಲ ಮೇಷ್ಟ್ರೇ," ಎಂದಿದ್ದರು. ನಾನು ಅದನ್ನು ತಮಾಷೆಯೆಂದುಕೊಂಡೆ, ದಡ್ಡ.

ಆ ಆಟ ಮೂಲತಃ ಅವರದಾಗಿರಲಿಲ್ಲ, ಅವರ ಹೆಂಡತಿ ನೆದಾಳದು. ಟ್ರಾಲಿಬಸ್ಸಿನಲ್ಲಿ ಟಿಕೇಟು ಕೊಡುತ್ತಿದ್ದ ನೆದಾ ಚಳಿಗಾಲದ ಸಂಜೆಗಳಲ್ಲಿ ಕಾಲನ್ನು ಬಿಸಿನೀರಿನಲ್ಲಿಟ್ಟುಕೊಂಡು ಆಡುತ್ತಿದ್ದಳು, ಲ್ಯುಬೆನಣ್ಣ ಪಕ್ಕದಲ್ಲಿ ಸೇಬು ಸುಲಿಯುತ್ತ, ಮೂಲೆಯಲ್ಲಿ ಅದೇನೋ ಹೊಳೀತು ನೋಡು ಎಂದು ತಲೆ ತಿನ್ನುತ್ತಿದ್ದರು. ನೀರುಗಾರ್ತಿಗೆ ಹೆಸರಿಡಬೇಕೆಂದಾಗ ಆಕೆ ಬೇರೇನೂ ತೋಚದೆ ತನ್ನ ಹೆಸರನ್ನೇ ಇಟ್ಟು, ತಲೆಗೊಂದು ಕೆಂಪು ವಸ್ತ್ರ ಕಟ್ಟಿದ್ದಳಂತೆ. ನಾಲ್ಕನೆಯ ಬಾವಿಯವರೆಗೆ ನಡೆಸಿ, ತಾಮ್ರದ ಕೊಡಗಳನ್ನು ತುಂಬಿಸಿ ಉಳಿಸಿಟ್ಟಳು. ಮೊದಲ ಭಾಗದಲ್ಲಿ ಉಳಿಸಿಟ್ಟ ಆಟವನ್ನು ಎರಡನೆಯ ಭಾಗಕ್ಕೆ ತರಬಹುದು, ನಿಮ್ಮವಳೇ ನಿಂತಲ್ಲಿಂದ ಮುಂದೆ ನಡೆಯುತ್ತಾಳೆ ಎಂದು ಕಂಪನಿ ಮಾತು ಕೊಟ್ಟಿತ್ತು. ಆ ಮಾತನ್ನು ನಂಬಿ ಉಳಿದ ಮೂರು ಬಾವಿಗೆ ಕಾಯುತ್ತ ಕಾಯುತ್ತ, ಮೂರನೆಯ ವರ್ಷ ನೆದಾ ತೀರಿಕೊಂಡಳು.

ಅಂದಿನಿಂದ ಲ್ಯುಬೆನಣ್ಣ ಆ ಆಟದ ಯಂತ್ರದ ಒಂದು ಗುಂಡಿಯನ್ನೂ ಒತ್ತಿ ಆಡಿದವರಲ್ಲ. ವರ್ಷಕ್ಕೊಮ್ಮೆ ಆಕೆಯ ದಿನದಂದು ಬಾಗಿಲಿಗೆ ಹೊಸ ಶೋಕಪತ್ರ ಅಂಟಿಸಿ, ನೆರೆಯವರಿಗೆ ಸಕ್ಕರೆ ಬೆರೆಸಿದ ಬೇಯಿಸಿದ ಗೋಧಿ ಹಂಚಿ, ಒಳಗೆ ಹೋಗಿ ತೆರೆಯನ್ನು ಬೆಳಗಿಸುವರು. ಒಂದು ವರ್ಷ ನನ್ನನ್ನೂ ಕೂರಿಸಿಕೊಂಡರು. ಬಾವಿಯ ಕಟ್ಟೆಯ ಬಳಿ ಕೆಂಪು ವಸ್ತ್ರದ ಹೆಂಗಸೊಬ್ಬಳು ಬೆನ್ನು ತೋರಿಸಿ ನಿಂತಿದ್ದಳು. ಇಂಥ ಆಟಗಳಲ್ಲಿ ಯಾರೂ ನಡೆಸದಿದ್ದರೂ ಬೊಂಬೆಗಳು ನಿಂತಲ್ಲೇ ಉಸಿರಾಡುತ್ತವೆ. ಅವಳ ಭುಜಗಳು ಏರುತ್ತಿದ್ದವು, ಇಳಿಯುತ್ತಿದ್ದವು, ಕೊಡದ ನೀರು ಅಷ್ಟಷ್ಟೇ ತುಳುಕುತ್ತಿತ್ತು. "ಇಷ್ಟು ವರ್ಷದಿಂದ ಭಾರ ಹೊತ್ಕೊಂಡು ನಿಂತಿದಾಳೆ," ಎಂದರು ಲ್ಯುಬೆನಣ್ಣ. "ಕಾಲು ನೋಯಲ್ವಾ ಮೇಷ್ಟ್ರೇ? ಮೊದಲೇ ಅವಳಿಗೆ ಕಾಲುನೋವು."

ಈ ವಸಂತದಲ್ಲಿ ಎಲ್ಲಕ್ಕಿಂತ ದೊಡ್ಡ ಸೋರಿಕೆಯಾಯಿತು. ನಲವತ್ತೊಂದು ಸೆಕೆಂಡಿನ ಮೂಕ ವಿಡಿಯೋ: ಯಾರದೋ ಮೇಜಿನ ಮೇಲಿನ ತೆರೆಯನ್ನು ಫೋನಿನಲ್ಲಿ ಹಿಡಿದದ್ದು, ಅದರಲ್ಲಿ ನಾವು ಯಾರೂ ಕಂಡಿರದ ಐದನೆಯ ಬಾವಿ, ಅದರತ್ತ ನಡೆಯುತ್ತಿರುವ ಕೆಂಪು ವಸ್ತ್ರದ ನೀರುಗಾರ್ತಿ. ಸ್ಪಾಸ್ ಕ್ರೇನಿನ ಮೇಲಿಂದಲೇ ಫೋನ್ ಮಾಡಿ ಕಿರುಚಿದ. ಲ್ಯುಬೆನಣ್ಣ ಎರಡು ದಿನ ಅಂಗಡಿ ಮುಚ್ಚಿ, ನಮ್ಮ ಅಂತರ್ಜಾಲದ ಹರಟೆಯ ತಾಣವಾದ 'ಬಾವಿಕಟ್ಟೆ'ಯಲ್ಲಿ ಮೂರು ಪುಟದ ಪರಾಮರ್ಶೆ ಬರೆದರು. ಕದ್ದು ತೆಗೆದವನು ಧ್ವನಿಯನ್ನೇಕೆ ಅಳಿಸಬೇಕು? ಎರಡನೆಯದಾಗಿ, ಚಿತ್ರ ಹನ್ನೊಂದು ಬಾರಿ ಅಲುಗುತ್ತದೆ, ಹನ್ನೊಂದೂ ಹೆಚ್ಚುಕಡಿಮೆ ಸಮಾನ ಅಂತರದಲ್ಲಿ. ಹೆದರಿದ ಕೈ ಹೀಗೆ ತಾಳ ಹಾಕಿಕೊಂಡು ನಡುಗುವುದಿಲ್ಲ; ಇದು ನಡುಗುವುದನ್ನು ಅಭ್ಯಾಸ ಮಾಡಿದ ಕೈ. ಆದ್ದರಿಂದ ಇದು ನಾಟಕ. ನಾಟಕವಾದ್ದರಿಂದ ಆಟ ಸಿದ್ಧವಾಗಿದೆ. ಶರತ್ಕಾಲಕ್ಕೆ ಘೋಷಣೆ ಖಂಡಿತ. ವಿದಿನ್‌ನಿಂದ ವಾರ್ನಾದವರೆಗೆ ದೇಶದುದ್ದಕ್ಕೂ ಸಾವಿರಾರು ಜನ ಅದನ್ನು ಓದಿ ನೆಮ್ಮದಿಯ ಉಸಿರು ಬಿಟ್ಟರು. ನಾಲ್ಕು ದಿನದ ಮೇಲೆ ಅದೇ ಪರಾಮರ್ಶೆಯ ಕೆಳಗೆ ಯಾರೋ, 'ಅದನ್ನು ತೆಗೆದವಳು ನಾನು. ನಾಟಕವಲ್ಲ. ಆಟವನ್ನು ನಿಲ್ಲಿಸಿದ್ದಾರೆ. ದಯವಿಟ್ಟು ಕಾಯಬೇಡಿ' ಎಂದು ಬರೆದರು. ನಟಿಗೆ ಬಹುಮಾನ ಕೊಡಿ ಎಂದು ಜನ ನಕ್ಕರು. ಎರಡನೆಯ ಅಂಕ ಆರಂಭ ಎಂದು ಲ್ಯುಬೆನಣ್ಣನೇ ಬರೆದರು.

ಮೇ ತಿಂಗಳ ಒಂದು ಮಂಗಳವಾರ ಮಧ್ಯಾಹ್ನ, ಪರೀಕ್ಷೆಯ ಪ್ರಶ್ನೆಪತ್ರಿಕೆಗಳ ಪ್ರತಿಗಾಗಿ ನಾನು ಅಂಗಡಿಯಲ್ಲಿ ಕಾಯುತ್ತಿದ್ದಾಗ, ಬೆನ್ನಿಗೆ ಚೀಲ ತಗುಲಿಸಿಕೊಂಡ ಒಬ್ಬ ಯುವತಿ ಒಳಗೆ ಬಂದಳು. ಕಣ್ಣು ಊದಿಕೊಂಡಿತ್ತು. ದುಃಖದಲ್ಲಿ ಬರುವವರಿಗೆಂದೇ ಲ್ಯುಬೆನಣ್ಣ ಇಟ್ಟುಕೊಂಡಿದ್ದ ಒಂದು ತಗ್ಗಿದ ದನಿಯಿತ್ತು. "ಬಾಮ್ಮಾ, ಕೂತ್ಕೋ," ಎಂದರು. "ಯಾರು ಹೋದ್ರು?"

ಅವಳು ಕೂರಲಿಲ್ಲ. "ಏಳು ಬಾವಿ," ಎಂದಳು.

ಯಂತ್ರ ನನ್ನ ಪ್ರಶ್ನೆಪತ್ರಿಕೆಗಳನ್ನು ಉಗುಳುತ್ತಲೇ ಇತ್ತು. ಅವಳೇ ಮುಂದುವರಿಸಿದಳು: "ನಾನು ಇವೆಲಿನಾ ಅಂತ ಮಾಮ. ಸೋಫಿಯಾದಿಂದ ಬಂದೆ. ಆ ವಿಡಿಯೋ ತೆಗೆದೋಳು ನಾನೇ. ನಾನೆಷ್ಟು ಹೇಳಿದ್ರೂ ಜನ ನಗ್ತಾರೆ. ನೀವು ಬರೆದದ್ದಾದ್ರೆ ದೇವರ ವಾಕ್ಯ ಅನ್ನೋ ಹಾಗೆ ನಂಬ್ತಾರೆ. ಅದಕ್ಕೇ ನೀವೇ ಹೇಳ್ಬೇಕು."

ಲ್ಯುಬೆನಣ್ಣನ ಮುಖ ಅರಳಿತು. ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸಿದರು. "ಪರವಾಗಿಲ್ಲ ಮೇಷ್ಟ್ರೇ, ಈ ಸಲ ಮನುಷ್ಯರನ್ನೇ ಕಳಿಸಿದಾರೆ! ಟೀ ಕುಡೀತೀಯಾಮ್ಮಾ? ದಾರಿ ದೂರ."

"ಯಾರೂ ಕಳಿಸಿಲ್ಲ!" ಅವಳ ದನಿ ಒಡೆಯಿತು. "ಕಳಿಸೋಕೆ ಅಲ್ಲಿ ಯಾರಿದಾರೆ? ಹದಿನೇಳು ಜನ ಇದ್ವಿ, ಹದಿನೇಳು ಜನಾನೂ ಮನೆಗೆ ಹೋದ್ವಿ. ಆ ಕೋಣೆಗೆ ಈಗ ಕನ್ನಡಕದ ಅಂಗಡಿ ಬರುತ್ತಂತೆ. ಕೊನೇ ದಿನ ಎಲ್ಲಾ ಅಳಿಸಿಹಾಕಿ ಅಂದ್ರು. ಅಳಿಸೋಕೆ ಮುಂಚೆ ಒಂದೇ ಒಂದ್ಸಲ ಯಾರಾದ್ರೂ ನೋಡ್ಲಿ ಅಂತ ತೆಗೆದೆ. ಕಳ್ಳತನ ಅಂದ್ರೆ ಕಳ್ಳತನ."

"ಎಲ್ಲಾ ಸರಿ. ಕೈ ಯಾಕೆ ತಾಳಕ್ಕೆ ನಡುಗುತ್ತೆ? ಧ್ವನಿ ಯಾಕೆ ತೆಗೆದೆ?" ಅವರಿನ್ನೂ ನಗುತ್ತಲೇ ಇದ್ದರು.

ಅವಳು ಫೋನನ್ನು ಮೇಜಿನ ಮೇಲಿಟ್ಟು, ಧ್ವನಿ ಅಳಿಸದ ಮೂಲ ವಿಡಿಯೋವನ್ನು ಹಾಕಿದಳು. ಐದನೆಯ ಬಾವಿ ಕಾಣಿಸಿತು, ಕೆಂಪು ವಸ್ತ್ರ ಕಾಣಿಸಿತು, ಜೊತೆಗೆ ಅಂಗಡಿಯ ತುಂಬ ಒಂದು ಬಿಕ್ಕು ಕೇಳಿಸಿತು. ಬಿಕ್ಕಿದಾಗ ಚಿತ್ರ ಅಲುಗಿತು. ಮತ್ತೊಂದು ಬಿಕ್ಕು, ಮತ್ತೆ ಅಲುಗಿತು. ಬಾಯಿಗೆ ಕೈ ಅಡ್ಡ ಹಿಡಿದು ತಡೆಯಲಾರದೆ ಅಳುವವರ ಬಿಕ್ಕು ಗಡಿಯಾರದ ಹಾಗೆ ಬರುತ್ತದೆಂಬುದು ಅತ್ತವರಿಗೆಲ್ಲ ಗೊತ್ತು. ಲ್ಯುಬೆನಣ್ಣನಿಗೂ ಗೊತ್ತಿತ್ತು, ಒಂಬತ್ತು ವರ್ಷದ ಹಿಂದೆ ನೆದಾ ಹೋದಾಗ ನಾನೇ ಕಂಡಿದ್ದೇನೆ. ಹನ್ನೊಂದೂ ಮುಗಿಯುವವರೆಗೆ ಅವರು ಅಲುಗಾಡಲಿಲ್ಲ. ಮುಗಿದ ಮೇಲೆ ಭೂತಗನ್ನಡಿಯನ್ನು ಜೇಬಿಗಿಟ್ಟು ಇನ್ನೊಮ್ಮೆ ಹಾಕಲು ಸನ್ನೆ ಮಾಡಿದರು, ಈ ಬಾರಿ ಬರಿಗಣ್ಣಿನಿಂದ ನಟ್ಟನಡುವನ್ನೇ ನೋಡಿದರು.

"ಉಳಿಸಿಟ್ಟ ಆಟ ತರೋ ವಿಷಯ ಹೇಳಿದ್ರಲ್ಲ... ಅದು?" ಎಂದರು.

"ಆಗಿತ್ತು ಮಾಮ. ಕೆಲ್ಸ ಮಾಡ್ತಿತ್ತು. ಪರೀಕ್ಷೆ ಮಾಡೋಕೆ ಅಭಿಮಾನಿಗಳು ಕಳಿಸಿಕೊಟ್ಟಿದ್ದನ್ನೇ ಹಾಕ್ತಿದ್ವಿ. ಇದ್ರಲ್ಲಿ ನಡೀತಿರೋಳೂ ಅಂಥೋಳೇ, ಯಾರೋ ಕಳಿಸಿದ್ದು."

"ನಾನೂ ಕಳಿಸಿದ್ದೆ," ಎಂದರು ಲ್ಯುಬೆನಣ್ಣ. "ಕೆಂಪು ವಸ್ತ್ರ. ಹೆಸರು ನೆದಾ."

ಇವೆಲಿನಾ ಅವರ ಮುಖವನ್ನೇ ನೋಡಿದಳು. ಹೌದು ಎಂದುಬಿಡಬಹುದಿತ್ತು, ನಾನಾಗಿದ್ದರೆ ಎಂದುಬಿಡುತ್ತಿದ್ದೆ. "ಹೆಸರು ನೋಡ್ಲಿಲ್ಲ ಮಾಮ," ಎಂದಳು ಮೆಲ್ಲನೆ. "ಕೆಂಪು ವಸ್ತ್ರ ತುಂಬಾ ಜನ ಕಟ್ಟಿದ್ರು."

ಅವರು ತಲೆಯಾಡಿಸಿ ಟೀ ಮಾಡಲು ಒಳಗೆ ಹೋದರು. ಅವಳನ್ನು ಸಂಜೆಯ ರೈಲಿಗೆ ಬಿಡಲು ಸ್ಟೇಷನ್ನಿಗೂ ಹೋದರು, ದಾರಿಯಲ್ಲಿ ಒಂದು ಬಾಗಿಲಿಗೂ ನಿಲ್ಲಲಿಲ್ಲ. ರೈಲು ಹೊರಡುವಾಗ ಕಿಟಕಿಯ ಬಳಿ, "ನೀರು ಚೆನ್ನಾಗಿ ಮಾಡಿದ್ರಿ ಕಣಮ್ಮಾ, ಕುಡೀಬೇಕು ಅನ್ಸ್ತು," ಎಂದಷ್ಟೇ ಹೇಳಿದರು.

ಅವಳು ಕೇಳಿದ್ದನ್ನು ಹೇಗೆ ನಡೆಸಿಕೊಡಬೇಕೆಂದು ಅವರು ವಾರವೆಲ್ಲ ಯೋಚಿಸಿದರು. ಬಾವಿಕಟ್ಟೆಯಲ್ಲಿ ಬರೆದರೆ ಮಾತಿಗೆ ಮಾತು ಬೆಳೆಯುತ್ತದೆ. ಈ ದೇಶದಲ್ಲಿ ಎಂದೂ ಸುಳ್ಳಾಡದ ಕಾಗದ ಒಂದೇ ಒಂದಿದೆ, ಅದು ತಮ್ಮ ಕೈಯಲ್ಲೇ ಇದೆ ಎಂದು ಅವರಿಗೆ ಹೊಳೆದದ್ದು ಶನಿವಾರ. ಭಾನುವಾರ ಬೆಳಗ್ಗೆ ನಾವು ಹೋಗುವಷ್ಟರಲ್ಲಿ ಚದುರಂಗ ಸಂಘದ ಬಾಗಿಲಿಗೆ ಕಪ್ಪು ಅಂಚಿನ ಹಾಳೆ ಅಂಟಿತ್ತು. ಬಾವಿಕಟ್ಟೆಯಲ್ಲೂ ಅದರ ಚಿತ್ರ ಹಾಕಿದ್ದರು. 'ಹನ್ನೆರಡು ವರ್ಷ ನಾವು ಕಾದ ಏಳು ಬಾವಿಯ ಎರಡನೆಯ ಭಾಗ ತೀರಿಕೊಂಡಿದೆಯೆಂದು ಅತೀವ ದುಃಖದಿಂದ ತಿಳಿಸುತ್ತೇವೆ. ಸೋರಿಕೆ ನಿಜವಾದದ್ದು. ಅದನ್ನು ನಾಟಕವೆಂದು ನಾನು ಬರೆದದ್ದು ತಪ್ಪು. ಇನ್ನು ಕಾಯಬೇಡಿ. ದುಃಖತಪ್ತ, ಲ್ಯುಬೆನ್.' ನಡುವೆ ಫೋಟೋ ಇರಬೇಕಾದಲ್ಲಿ ಒಂದು ಬಾವಿ.

ಪಾಪ, ಅವರು ಒಂದನ್ನು ಮರೆತಿದ್ದರು. ಆ ಹಾಳೆಯನ್ನು ಓದುವವರೆಲ್ಲ ಅವರೇ ತಯಾರು ಮಾಡಿದ ಶಿಷ್ಯರು.

ರೊಸಿತ್ಸಾ ಅದರ ಒಂದು ಅಕ್ಷರವನ್ನೂ ಓದುವ ಮೊದಲು ಅಂಚಿಗೆ ಮೂಗು ತಾಗಿಸಿದಳು. ಎಡದಿಂದ ಮೇಲಕ್ಕೆ, ಮೇಲಿನಿಂದ ಬಲಕ್ಕೆ, ಬಲದಿಂದ ಕೆಳಕ್ಕೆ. "ಬನ್ರೋ ಇಲ್ಲಿ!" ಎಂದು ಕಿರುಚಿದಳು. "ಕೆಳಗಡೆ ಬಲಮೂಲೇಲಿ ಚುಕ್ಕೆ ನೋಡಿ! ಒಂದು, ಎರಡು, ಮೂರು. ಮೂರು ಬಾವಿ!"

ಸ್ಪಾಸ್ ಓಡಿಬಂದು ಲ್ಯುಬೆನಣ್ಣನನ್ನು ನೆಲದಿಂದ ಎತ್ತಿ ಅಪ್ಪಿಕೊಂಡ. "ಕೊನೆಗೂ ಕಂಪನಿಯೋರು ನಿನ್ನನ್ನೂ ಸೇರಿಸ್ಕೊಂಡ್ರಾ ಅಣ್ಣ! ಎಷ್ಟು ದಿನದಿಂದ ಗೊತ್ತಿತ್ತು ನಿಂಗೆ?"

"ಇಳಿಸೋ ನನ್ನ! ಅದು ಹಾಳಾದ್ದು ನನ್ನ ಯಂತ್ರದ ದೋಷ ಕಣ್ರೋ! ಆರು ವರ್ಷದಿಂದ ಇದೆ! ಈ ಊರಲ್ಲಿ ಸತ್ತೋರೆಲ್ಲರ ಹಾಳೇಲೂ ಆ ಮೂರು ಚುಕ್ಕೆ ಇದೆ! ನಿಮ್ಮಪ್ಪನ ಹಾಳೇಲೂ ಇದೆ, ಹೋಗಿ ನೋಡ್ಕೋ!"

ಸ್ಪಾಸ್ ಅವರನ್ನು ಕೆಳಗಿಳಿಸಿದ. ಆಮೇಲೆ ಅವನ ಕಣ್ಣು ದೊಡ್ಡದಾಯಿತು. "ಆರು ವರ್ಷದಿಂದ!" ಎಂದ. "ಅಬ್ಬಾ, ಎಂಥಾ ತಲೆ ಇವರದು!"

"ಬಾಯಿ ಬಿಡೋ ಹಾಗಿಲ್ಲ ಅಲ್ವಾ?" ರೊಸಿತ್ಸಾ ತುಟಿಗೆ ಬೆರಳಿಟ್ಟು ನಕ್ಕಳು. "ಅರ್ಥ ಆಯ್ತು ಬಿಡಿ, ಅರ್ಥ ಆಯ್ತು. ಮುಂದಿನ ವಾರ ಗೋಧಿ ಬೇಯಿಸ್ಕೊಂಡು ಬರ್ತೀನಿ, ತಿಥಿ ಜೋರಾಗಿ ಮಾಡೋಣ."

ನನ್ನ ಕಣ್ಣಾರೆ ಕಂಡದ್ದನ್ನು ನಾನೂ ಹೇಳಿದೆ. ಮೇಷ್ಟ್ರೂ ನಾಟಕದೊಳಗಾದರೆಂದು ಚಪ್ಪಾಳೆ ತಟ್ಟಿದರು. ಲ್ಯುಬೆನಣ್ಣ ಅರಚಿದರು, ಬೈದರು, ಕೈಮುಗಿದರು. ಅವರು ಬೈದಷ್ಟೂ ಜನಕ್ಕೆ ನಂಬಿಕೆ ಬಲವಾಯಿತು, ಇಷ್ಟು ಚೆನ್ನಾಗಿ ಆಡುತ್ತಾರೆಂದು ನಮಗೆ ಗೊತ್ತಿರಲಿಲ್ಲವಲ್ಲ ಎಂದರು. ಮಧ್ಯಾಹ್ನವಾಗುವಷ್ಟರಲ್ಲಿ ಬಾವಿಕಟ್ಟೆಯಲ್ಲಿ ಚಿತ್ರಗಳು ಬರತೊಡಗಿದವು: ವಾರ್ನಾದ ಒಂದು ಮರಕ್ಕೆ ಅದೇ ಶೋಕಪತ್ರ, ಪ್ಲೆವೆನ್‌ನ ಬಸ್ ಕಂಬಕ್ಕೆ ಅದೇ ಶೋಕಪತ್ರ, ವಿದಿನ್‌ನಲ್ಲಿ ಯಾರೋ ಪುಣ್ಯಾತ್ಮರು ಮನೆಬಾಗಿಲಿಗೇ ಅಂಟಿಸಿ ಪಕ್ಕದಲ್ಲಿ ನಿಂತು ಹಲ್ಲುಬಿಟ್ಟಿದ್ದರು. ಆಟವನ್ನು ಕೈಬಿಟ್ಟಿದ್ದೇವೆಂದು ಕಂಪನಿಯವರು ಮಾರನೆಯ ವಾರ ಎರಡು ಸಾಲಿನ ಹೇಳಿಕೆ ಕೊಟ್ಟರು. ಮೂರನೆಯ ಅಂಕ ಎಂದರು ಜನ.

ಆ ಭಾನುವಾರ ಬಿಸಿಲು ಇಳಿಯುವ ಮೊದಲು ನಾವಿಬ್ಬರೂ ದಾನ್ಯೂಬ್ ದಡದ ಕಲ್ಲುಬೆಂಚಿನ ಮೇಲೆ ಕೂತಿದ್ದೆವು. ಅಕ್ಕಪಕ್ಕದಲ್ಲಿ ಸಂಸಾರಗಳು ಸೂರ್ಯಕಾಂತಿ ಬೀಜ ಬಿಡಿಸಿ ಸಿಪ್ಪೆ ಉಗುಳುತ್ತಿದ್ದವು. ಲ್ಯುಬೆನಣ್ಣ ಬೈಗುಳವೆಲ್ಲ ಮುಗಿದವರಂತೆ ಮೊಣಕಾಲ ಮೇಲೆ ಕೈಯೂರಿ ನೀರನ್ನೇ ನೋಡುತ್ತಿದ್ದರು. ಅವರಿಗೆ ಅವಮಾನವಾಗಿರಬೇಕು, ಸಮಾಧಾನ ಹೇಳೋಣ ಎಂದು ನಾನು ಮಾತು ಹುಡುಕುತ್ತಿದ್ದೆ. ಅವರೇ ಶುರುಮಾಡಿದರು.

"ಮೇಷ್ಟ್ರೇ, ಅವತ್ತು ನೀವೂ ಇದ್ರಲ್ಲ ಅಂಗಡೀಲಿ. ಆ ಹುಡುಗಿ..." ಎಂದು ತಡೆದರು. "ಆ ಹುಡುಗಿ ಅತ್ತದ್ದು ನಿಮಗೆ ಹೇಗೆ ಅನ್ನಿಸ್ತು?"

ಅವಳ ಊದಿದ ಕಣ್ಣು, ತೋಳಿನಲ್ಲಿ ಮೂಗೊರೆಸಿಕೊಂಡು ಒದ್ದೆಯಾಗಿದ್ದ ಅಂಗಿ, ಹೆಸರು ನೋಡಲಿಲ್ಲ ಮಾಮ ಎಂದಾಗಿನ ಆ ಪ್ರಾಮಾಣಿಕ ದನಿ, ಎಲ್ಲವೂ ಕಣ್ಣೆದುರಿಗೆ ಬಂತು. ಅದಕ್ಕಿಂತ ದಿಟವಾದ ಅಳುವನ್ನು ನಾನು ಕಂಡಿಲ್ಲ. ಲ್ಯುಬೆನಣ್ಣ ನನ್ನತ್ತ ತಿರುಗಿರಲಿಲ್ಲ. ಉತ್ತರಕ್ಕೆ ಕಾಯುತ್ತಿದ್ದ ಅವರ ಕತ್ತಿನ ನರ ಮಾತ್ರ ಬಿಗಿದಿತ್ತು. ಮೂವತ್ತು ವರ್ಷ ಮಕ್ಕಳಿಗೆ ನಡೆದದ್ದನ್ನು ನಡೆದ ಹಾಗೆ ಹೇಳಬೇಕೆಂದು ಬೋಧಿಸಿದವನು ನಾನು.

"ಈಗಿನ ಕಾಲದೋರು ಚೆನ್ನಾಗಿ ಆಡ್ತಾರೆ ಲ್ಯುಬೆನಣ್ಣ," ಎಂದೆ. "ಎಲ್ಲೋ ಕಲ್ತು ಬಂದಿರ್ಬೇಕು."

ಅವರು ನನ್ನ ಮೊಣಕಾಲನ್ನು ಎರಡು ಸಲ ತಟ್ಟಿದರು. "ನಿಮಗೆ ಸುಳ್ಳು ಹೇಳೋಕೆ ಬರಲ್ಲ ಮೇಷ್ಟ್ರೇ," ಎಂದರು. ಆಮೇಲೆ ಕಣ್ಣು ಮುಚ್ಚಿ ಬೆಂಚಿಗೊರಗಿ, "ಇನ್ನೊಂದ್ಸಲ ಹೇಳಿ," ಎಂದರು.

ಹೇಳಿದೆ.

ಇಂಥವರನ್ನು ಲೋಕ ಸಂಶಯಪಿಶಾಚಿಗಳೆಂದು ಹೀಗಳೆಯುತ್ತದೆ, ಎಲ್ಲದರಲ್ಲೂ ಹುಳುಕು ಹುಡುಕುವ ನಂಬಿಕೆಗೇಡಿಗಳೆಂದು ದೂರ ಇಡುತ್ತದೆ. ನಾನೂ ಹಾಗೆ ತಿಳಿದು ಬಹಳ ವರ್ಷ ನಕ್ಕಿದ್ದೇನೆ. ಆದರೆ ಯಾವುದನ್ನೂ ನಂಬದವನು ಒಂದು ಮಸುಕು ಚಿತ್ರದ ಮುಂದೆ ಎರಡು ದಿನ ಅಂಗಡಿ ಮುಚ್ಚಿ ಏಕೆ ಕೂತಾನು? ಅವನು ಆ ಹೊತ್ತಿಗೆ ಹೊಟ್ಟೆ ತುಂಬ ಉಂಡು ಮಲಗಿರುತ್ತಾನೆ. ಮೋಸವೆಂದರೆ ಮೋಸ ಮಾಡುವವರೊಬ್ಬರು ಇದ್ದಾರೆ, ಮುಚ್ಚಿದ ಬಾಗಿಲಿನಾಚೆ ಕೂತು ನಮ್ಮನ್ನು ಕಾಯಿಸುತ್ತಿದ್ದಾರೆ, ನಾವು ಕಾಯುತ್ತಿರುವುದು ಅವರಿಗೆ ನೆನಪಿದೆ ಎಂದಾಯಿತು. ಕಾಯುವುದನ್ನು ಬಿಡಲಾರದ ಜೀವಕ್ಕೆ ಅಷ್ಟು ಸಾಕು. ಎಂಥ ವಂಚನೆಯನ್ನಾದರೂ ಅವರು ನಗುನಗುತ್ತ ಸಹಿಸಿಯಾರು. ತಮ್ಮನ್ನು ಈಗ ವಂಚಿಸುವವರು ಕೂಡ ಯಾರೂ ಉಳಿದಿಲ್ಲ ಎಂಬ ಒಂದು ಸುದ್ದಿಯನ್ನು ಮಾತ್ರ ಅವರಿಂದ ತಾಳಿಕೊಳ್ಳಲಾಗುವುದಿಲ್ಲ.